ಹಳೆಯ ಶೆವೆಲ್‌ಗೆ ಯಾವ ಇಂಜಿನ್? ಹಾರ್ಸ್‌ಪವರ್ ಲೆಕ್ಕ ಆಮೇಲೆ ನೋಡೋಣ

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು, ಈಗ ಮಿಶಿಗನ್‌ನ ಟ್ರಾಯ್‌ನಲ್ಲಿದ್ದೇನೆ. ಹೋದ ವರ್ಷ 1970ರ ಷೆವರ್ಲೆ ಶೆವೆಲ್ ಮಾಲಿಬು ಕೊಂಡೆ. ಎರಡು ಬಾಗಿಲಿನದು. 307 ಕ್ಯೂಬಿಕ್ ಇಂಚಿನ ವಿ8 ಇಂಜಿನ್, ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಪಿಕಪ್ ಅಂತೂ ಇಲ್ಲವೇ ಇಲ್ಲ. ಕ್ರೇಟ್ ಇಂಜಿನ್ ಹಾಕಿಸೋಣ ಅಂತಿದ್ದೇನೆ. ಒಬ್ಬ ಗೆಳೆಯ ಜನರಲ್ ಮೋಟಾರ್ಸ್‌ನ ಹೊಸ ಕಾಲದ ವಿ8 ಎಲ್‌ಎಸ್3 ಬಿಟ್ಟು ಬೇರೆ ಯೋಚನೆ ಬೇಡ ಅಂತಾನೆ. ಇನ್ನೊಬ್ಬ 383 ಹಾಕು, 450 ಹಾರ್ಸ್‌ಪವರ್ ಸಿಗುತ್ತೆ ಅಂತಾನೆ. ಪಕ್ಕದ ಮನೆಯ ಹಿರಿಯರು ಮೂಲ ಇಂಜಿನ್ ತೆಗೆದರೆ ಗಾಡಿಯ ಬೆಲೆಯೇ ಹೋಯ್ತು ಅಂತಾರೆ. ಎಲ್ಲ ಸೇರಿ ನನ್ನ ಕೈಯಲ್ಲಿರುವುದು 15,000 ಡಾಲರ್. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸುತ್ತಬೇಕು, ಆಗಸ್ಟ್‌ನಲ್ಲಿ ಹಳೆಯ ಗಾಡಿಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗಬೇಕು. ರೇಸ್ ಮಾಡುವ ಆಸೆ ಇಲ್ಲ. ಆದರೆ ಒತ್ತಿದರೆ ಬೆನ್ನು ಸೀಟಿಗೆ ಅಂಟಬೇಕು. ಯಾವುದು ಹಾಕಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಇಂಜಿನ್ ಅಲ್ಲ, ಡ್ರಮ್ ಬ್ರೇಕ್. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಚಿಂತೆ ಇಷ್ಟು ಅಂತ ನನಗೆ ಅನ್ನಿಸಿದೆ. ದುಡ್ಡು ಒಂದೇ ಸಲ ಖರ್ಚು ಮಾಡಲು ಆಗುವುದು. ಮೂರು ಜನ ಮೂರು ಮಾತು ಹೇಳುತ್ತಿದ್ದಾರೆ. ತಪ್ಪು ಇಂಜಿನ್ ತಂದರೆ ಗಾಡಿ ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಬಾನೆಟ್ ತೆರೆದುಕೊಂಡು ನಿಂತಿರುತ್ತದೆ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಡೆಟ್ರಾಯ್ಟ್ ಸುತ್ತಮುತ್ತ ಹಾಗೆ ನಿಂತ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಂಜಿನ್ ಟೆಸ್ಟ್ ಮಾಡುವ ಡೈನೋ ಕೋಣೆಯಲ್ಲಿ ಬಹಳ ವರ್ಷ ದುಡಿದು, ಈಗ ಸಣ್ಣದೊಂದು ಶೆಡ್ಡಿನಲ್ಲಿ ಹಳೆಯ ಗಾಡಿಗಳ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವ ಅರ್ಧಕ್ಕರ್ಧ ಗಾಡಿಗಳು ಬೇರೆಯವರು ಶುರು ಮಾಡಿ ಕೈಬಿಟ್ಟವು.

ಕ್ರೇಟ್ ಇಂಜಿನ್ ಅಂದರೆ ಜೋಡಿಸಿ, ಮರದ ಪೆಟ್ಟಿಗೆಯಲ್ಲಿಟ್ಟು ಕಳಿಸುವ ಇಂಜಿನ್. ಪೆಟ್ಟಿಗೆ ಬಿಚ್ಚಿ, ಕೂರಿಸಿ, ಓಡಿಸುವುದು ಅಂತ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕೆಲವದರಲ್ಲಿ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ವಾಟರ್ ಪಂಪ್ ಎಲ್ಲ ಇರುತ್ತವೆ. ಇನ್ನು ಕೆಲವದರಲ್ಲಿ ಬ್ಲಾಕ್, ಹೆಡ್, ಆಯಿಲ್ ಪ್ಯಾನ್, ಅಷ್ಟೇ. ಎರಡಕ್ಕೂ ಹೆಸರು ಒಂದೇ. ಬೆಲೆ ಹೋಲಿಸುವಾಗ ಇದು ಗೊತ್ತಿರಬೇಕು.

ಈಗ ಹಾರ್ಸ್‌ಪವರ್. ನಿಮ್ಮ ಗೆಳೆಯರ ಜಗಳವೆಲ್ಲ ಇದರ ಮೇಲೇ ನಿಂತಿದೆ, ಅಲ್ವಾ? 1970ರಲ್ಲಿ ನಿಮ್ಮ 307ಕ್ಕೆ ಕಂಪನಿ ಕೊಟ್ಟ ಅಂಕಿ 200. 1972ರಲ್ಲಿ ಅದೇ 307ಕ್ಕೆ 130. ಎರಡೇ ವರ್ಷದಲ್ಲಿ 70 ಕುದುರೆ ಎಲ್ಲಿಗೆ ಹೋದವು? ನಡುವೆ 1971ರಲ್ಲಿ ಜನರಲ್ ಮೋಟಾರ್ಸ್ ಸೀಸವಿಲ್ಲದ ಪೆಟ್ರೋಲಿಗೆ ಅಂತ ಕಂಪ್ರೆಷನ್ ಸ್ವಲ್ಪ ಇಳಿಸಿತ್ತು, ನಿಜ. ಆದರೆ ದೊಡ್ಡ ಕಾರಣ ಅಳೆಯುವ ರೀತಿ ಬದಲಾದದ್ದು. ಮೊದಲು ಇಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು, ಏರ್ ಕ್ಲೀನರ್ ಇಲ್ಲದೆ, ಸೈಲೆನ್ಸರ್ ಇಲ್ಲದೆ, ಆಲ್ಟರ್ನೇಟರಿನ ಹೊರೆ ಇಲ್ಲದೆ ಅಳೆಯುತ್ತಿದ್ದರು. ಅದು ಗ್ರಾಸ್ ಲೆಕ್ಕ. 1972ರಿಂದ ಗಾಡಿಯಲ್ಲಿ ಇರುವ ಹಾಗೇ ಎಲ್ಲವನ್ನೂ ಕಟ್ಟಿ ಅಳೆದರು. ಅದು ನೆಟ್ ಲೆಕ್ಕ. ಸಂಬಳದ ಚೀಟಿಯಲ್ಲಿ ಗ್ರಾಸ್ ಬೇರೆ, ಕೈಗೆ ಬರುವುದು ಬೇರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, 1970ರ ಶೆವೆಲ್ ಎಸ್‌ಎಸ್ 454ರ ಎಲ್‌ಎಸ್6 ಇಂಜಿನ್ನಿನ ಹೆಸರುವಾಸಿ 450 ಹಾರ್ಸ್‌ಪವರ್ ಗ್ರಾಸ್ ಲೆಕ್ಕದ್ದು. 2008ರ ಕಾರ್ವೆಟ್‌ನಲ್ಲಿ ಬಂದ ಎಲ್‌ಎಸ್3ರ 430 ನೆಟ್ ಲೆಕ್ಕದ್ದು. ಕಾಗದದ ಮೇಲೆ ಎಲ್‌ಎಸ್3 ಚಿಕ್ಕದು, ರಸ್ತೆಯಲ್ಲಿ ಅದೇ ದೊಡ್ಡದು. ಕ್ರೇಟ್ ಇಂಜಿನ್ ಜೋಡಿಸುವ ಸಣ್ಣ ಅಂಗಡಿಗಳು ಇವತ್ತಿಗೂ ಬಹುಪಾಲು ಹಳೆಯ ರೀತಿಯಲ್ಲೇ, ತೆರೆದ ಎಕ್ಸಾಸ್ಟ್ ಕಟ್ಟಿ, ತಣ್ಣನೆ ಗಾಳಿ ಕೊಟ್ಟು ಅಳೆಯುತ್ತವೆ. ಆದ್ದರಿಂದ ಆ 383ರ 450 ಅನ್ನು ಎಲ್‌ಎಸ್3ರ 430ರ ಪಕ್ಕ ಇಡಬೇಡಿ.

ಅದಕ್ಕಿಂತ ಮುಖ್ಯ ಪ್ರಶ್ನೆ ಬೇರೆ ಇದೆ. ಆ 450 ಸಿಗುವುದು ಎಷ್ಟು ಆರ್‌ಪಿಎಂನಲ್ಲಿ? ಹಾರ್ಸ್‌ಪವರ್ ಅಂದರೆ ಟಾರ್ಕನ್ನು, ಅಂದರೆ ಇಂಜಿನ್ ತಿರುಗಿಸುವ ಬಲವನ್ನು, ಆರ್‌ಪಿಎಂನಿಂದ ಗುಣಿಸಿ 5,252ರಿಂದ ಭಾಗಿಸಿದ್ದು, ಟಾರ್ಕ್ ಪೌಂಡ್-ಅಡಿಯಲ್ಲಿ ಇದ್ದಾಗ. ಇಂಜಿನ್ನನ್ನು 6,000ಕ್ಕೆ ಏರಿಸಿದರೆ ಅಂಕಿ ತಾನಾಗೇ ದೊಡ್ಡದಾಗುತ್ತದೆ. ನೀವು ಮಕ್ಕಳನ್ನು ಹಿಂದೆ ಕೂರಿಸಿಕೊಂಡು 6,000ಕ್ಕೆ ಎಷ್ಟು ಸಲ ಏರಿಸುತ್ತೀರಿ? ಸಿಗ್ನಲ್ಲಿನಿಂದ ಹೊರಡುವಾಗ, ಲಾರಿ ದಾಟುವಾಗ ಇಂಜಿನ್ ಇರುವುದು 1,500ರಿಂದ 4,000ದ ಒಳಗೆ. ನಮ್ಮ ಕಡೆ ಮೆಕ್ಯಾನಿಕ್‌ಗಳು ಹೇಳುವ ಪಿಕಪ್ ಇರುವುದು ಅಲ್ಲಿ. ಬೆನ್ನು ಸೀಟಿಗೆ ಅಂಟಿಸುವುದೂ ಅದೇ.

ಇದನ್ನು ನಿರ್ಧರಿಸುವುದು ಮುಖ್ಯವಾಗಿ ಕ್ಯಾಮ್ ಶಾಫ್ಟ್. ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು, ಎಷ್ಟು ಎತ್ತರಕ್ಕೆ ಏಳಬೇಕು ಅಂತ ಹೇಳುವುದು ಅದು. ವಾಲ್ವ್ ಜಾಸ್ತಿ ಹೊತ್ತು ತೆರೆದಿಟ್ಟರೆ ಮೇಲಿನ ಆರ್‌ಪಿಎಂನಲ್ಲಿ ಗಾಳಿ ಚೆನ್ನಾಗಿ ತುಂಬುತ್ತದೆ, ಹಾರ್ಸ್‌ಪವರ್ ಏರುತ್ತದೆ. ಆದರೆ ಕೆಳಗೆ, ಐಡ್ಲಿಂಗ್‌ನಲ್ಲಿ, ಇನ್‌ಟೇಕ್ ವಾಲ್ವೂ ಎಕ್ಸಾಸ್ಟ್ ವಾಲ್ವೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಾಗಿ ಸುಟ್ಟ ಗಾಳಿ ಒಳಕ್ಕೇ ನುಗ್ಗುತ್ತದೆ. ಆಗ ಬರುವುದೇ ಆ ಲಬ್‌ಡಬ್ ಲಬ್‌ಡಬ್ ಸದ್ದು. ಕೇಳಲು ಚೆಂದ, ನಾನೂ ಮರುಳಾಗಿದ್ದೇನೆ. ಆದರೆ ಅದರ ಜೊತೆಗೆ ಇಂಜಿನ್ನಿನ ವ್ಯಾಕ್ಯೂಮ್, ಅಂದರೆ ಗಾಳಿ ಎಳೆಯುವ ಶಕ್ತಿ, ಬಿದ್ದುಹೋಗುತ್ತದೆ. ಸಾಧಾರಣ ಇಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 20 ಇಂಚು ವ್ಯಾಕ್ಯೂಮ್ ಕೊಡುತ್ತದೆ. ದೊಡ್ಡ ಕ್ಯಾಮ್ ಇದ್ದರೆ 10, ಒಮ್ಮೊಮ್ಮೆ ಅದಕ್ಕೂ ಕಡಿಮೆ. ಪವರ್ ಬ್ರೇಕಿನ ಬೂಸ್ಟರ್ ಕೆಲಸ ಮಾಡುವುದು ಇದೇ ವ್ಯಾಕ್ಯೂಮಿನಿಂದ. ನಿಮ್ಮ ಗಾಡಿಯ ಕಾಲದ ಆಟೊಮ್ಯಾಟಿಕ್ ಗೇರ್ ಬಾಕ್ಸ್ ತನ್ನೊಳಗಿನ ಆಯಿಲ್ ಒತ್ತಡ ಹೊಂದಿಸಿಕೊಳ್ಳುವುದಕ್ಕೂ ಇದೇ ಬೇಕು. ಅಂದರೆ ದೊಡ್ಡ ಕ್ಯಾಮ್ ತಂದಾಗ ಇಂಜಿನ್ ಜೋರಾಗುತ್ತದೆ, ಅದೇ ದಿನ ಬ್ರೇಕ್ ಸೋಲುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಮೊದಲನೇ ಸಲ ನನ್ನದೇ ಷೆವರ್ಲೆ ನೋವಾ ಗಾಡಿಗೆ ಇಂಜಿನ್ ಆರಿಸುವಾಗ ಪಟ್ಟಿಯಲ್ಲಿ ದೊಡ್ಡ ಅಂಕಿ ಯಾವುದೋ ಅದನ್ನೇ ತಂದೆ. ಒಂದು ಸಂಜೆ ಇಳಿಜಾರಿನ ಕೊನೆಯಲ್ಲಿ ಸ್ಟಾಪ್ ಬೋರ್ಡು ಬಂತು. ಒಂದು ಸಲ ಬ್ರೇಕ್ ಒತ್ತಿದೆ, ಹಿಡಿಯಿತು. ಬಿಟ್ಟು ಮತ್ತೆ ಒತ್ತಿದೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಎರಡು ಕಾಲೂ ಇಟ್ಟು ನಿಲ್ಲಿಸಿದೆ. ಮುಂದಿನ ವಾರ ಆ ಕ್ಯಾಮ್ ಬಿಚ್ಚಿಸಿದೆ.

ಹಾಗಾಗಿ ಮಾರುವವರಿಗೆ ಫೋನ್ ಮಾಡಿದಾಗ ಹಾರ್ಸ್‌ಪವರ್ ಕೇಳಬೇಡಿ. ಕ್ಯಾಮಿನ ಡ್ಯುರೇಷನ್, ಅಂದರೆ ವಾಲ್ವ್ ತೆರೆದಿರುವ ಅವಧಿ ಕೇಳಿ. 0.050 ಇಂಚು ಲಿಫ್ಟ್‌ನಲ್ಲಿ ಎಷ್ಟು ಡಿಗ್ರಿ ಅಂತ ಅವರು ಹೇಳಬೇಕು. 350ರಂಥ ಇಂಜಿನ್ನಿಗೆ 210ರಿಂದ 220ರ ಒಳಗಿದ್ದರೆ ಮನೆಮಂದಿ ಕೂರುವ ಗಾಡಿಗೆ ಸರಿ. 230 ದಾಟಿದರೆ ಗೇರ್ ಬಾಕ್ಸಿನ ಟಾರ್ಕ್ ಕನ್ವರ್ಟರ್, ಹೌಸಿಂಗಿನ (ಹಿಂದಿನ ಆಕ್ಸಲಿನ) ಗೇರು, ಬ್ರೇಕಿನ ವ್ಯಾಕ್ಯೂಮ್ ಪಂಪು ಅಂತ ಹಿಂದೆಯೇ ಬಿಲ್ಲುಗಳು ಬರುತ್ತವೆ. ಈ ಪ್ರಶ್ನೆಗೆ ಉತ್ತರ ಹೇಳಲಾಗದ ಅಂಗಡಿಯನ್ನು ಅಲ್ಲಿಗೇ ಬಿಡಿ.

ಕ್ಯಾಮಿನ ಬಗ್ಗೆಯೇ ಇನ್ನೊಂದು ಮಾತು. ರೋಲರ್ ಕ್ಯಾಮ್, ಅಂದರೆ ಉಬ್ಬಿನ ಮೇಲೆ ಸಣ್ಣ ಚಕ್ರ ಉರುಳುವಂಥದ್ದು, ಇರುವುದನ್ನೇ ತೆಗೆದುಕೊಳ್ಳಿ. ಹಳೆಯ ರೀತಿಯ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಅಗ್ಗ. ಆದರೆ ಅದರಲ್ಲಿ ಲೋಹದ ಮೇಲೆ ಲೋಹ ಉಜ್ಜುತ್ತದೆ. ಅದನ್ನು ಕಾಯುತ್ತಿದ್ದದ್ದು ಆಯಿಲ್‌ನಲ್ಲಿದ್ದ ಸತು ಮತ್ತು ರಂಜಕ. ಈಗಿನ ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ ಅದನ್ನು ಇಳಿಸಿದ್ದಾರೆ. ಮೇಲಾಗಿ ಫ್ಲ್ಯಾಟ್ ಟ್ಯಾಪೆಟ್ ಇಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್‌ಗೆ ಬಿಡಬಾರದು, 20ರಿಂದ 30 ನಿಮಿಷ 2,000 ಆರ್‌ಪಿಎಂ ಮೇಲೆಯೇ ಇಟ್ಟಿರಬೇಕು. ನನ್ನ ಶೆಡ್ಡಿಗೆ ಬಂದ ಒಂದು ಗಾಡಿಯವರು ಖುಷಿಗೆ ವಿಡಿಯೊ ಮಾಡುತ್ತಾ ಐಡ್ಲಿಂಗ್‌ನಲ್ಲೇ ಬಿಟ್ಟಿದ್ದರು. ಕ್ಯಾಮಿನ ಉಬ್ಬು ಸವೆದು, ಆ ಪುಡಿ ಆಯಿಲ್ ಜೊತೆ ಬೇರಿಂಗಿಗೆಲ್ಲ ಹೋಗಿತ್ತು. ಹೊಚ್ಚ ಹೊಸ ಇಂಜಿನ್. ರೋಲರ್‌ನಲ್ಲಿ ಈ ಕಾಟ ಇಲ್ಲ. ಒಂದೇ ಎಚ್ಚರಿಕೆ, ನಿಮ್ಮ 307ರ ಡಿಸ್ಟ್ರಿಬ್ಯೂಟರ್ ಕಿತ್ತು ಅದಕ್ಕೆ ಹಾಕಬೇಡಿ. ಅದರ ಎರಕದ ಗೇರು ಸ್ಟೀಲಿನ ರೋಲರ್ ಕ್ಯಾಮಿಗೆ ತಾಳುವುದಿಲ್ಲ, ಸವೆದುಹೋಗುತ್ತದೆ.

ಇನ್ನು ಪಕ್ಕದ ಮನೆಯ ಹಿರಿಯರ ಮಾತು. ಅವರು ಹೇಳಿದ್ದು ತಪ್ಪಲ್ಲ, ನಿಮ್ಮ ಗಾಡಿಗೆ ಅನ್ವಯಿಸುವುದು ಕಡಿಮೆ ಅಷ್ಟೆ. ಕಾರ್ಖಾನೆಯಿಂದ ಬಂದ ಇಂಜಿನ್ನಿನ ಬ್ಲಾಕಿನ ಮೇಲೆ ಕೊರೆದ ನಂಬರು ಗಾಡಿಯ ನಂಬರಿಗೆ ತಾಳೆಯಾಗಬೇಕು ಅಂತ ಸಂಗ್ರಹಕಾರರು ನೋಡುತ್ತಾರೆ. ಅದು ನಿಜವಾದ ಎಸ್‌ಎಸ್ 454 ಅಥವಾ ಎಸ್‌ಎಸ್ 396 ಆಗಿದ್ದರೆ ಸ್ಪ್ಯಾನರ್ ಕೆಳಗಿಡಿ ಅಂತ ನಾನೇ ಹೇಳುತ್ತಿದ್ದೆ. ಅಂದ ಹಾಗೆ 1970ರ 396 ನಿಜಕ್ಕೂ 402 ಕ್ಯೂಬಿಕ್ ಇಂಚು, ಬ್ಯಾಡ್ಜು ಮಾತ್ರ ಹಳೆಯದು! 307 ಮಾಲಿಬು ಲಕ್ಷಾಂತರ ಜನ ಓಡಿಸಿದ ಮನೆಬಳಕೆಯ ಗಾಡಿ. ಇಂಜಿನ್ ಬದಲಿಸಿದರೆ ಅದರ ಬೆಲೆ ಕುಸಿಯುವುದಿಲ್ಲ. ಆದರೂ 307 ಅನ್ನು ಗುಜರಿಗೆ ಹಾಕಬೇಡಿ. ಪ್ರತಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಸುತ್ತಿ, ಮೂಲೆಯಲ್ಲಿಡಿ. ನಾಳೆ ಮಾರುವಾಗ ಕೊಳ್ಳುವವನಿಗೆ ಸಮಾಧಾನ.

ಈಗ ಆಯ್ಕೆಗಳಿಗೆ ಬರೋಣ.

ಎಲ್‌ಎಸ್3 ಒಳ್ಳೆಯ ಇಂಜಿನ್. ಅಲ್ಯೂಮಿನಿಯಂ ಬ್ಲಾಕ್, ಹಳೆಯ ಕಬ್ಬಿಣದ ಸ್ಮಾಲ್ ಬ್ಲಾಕಿಗಿಂತ ನೂರು ಪೌಂಡಿಗೂ ಹೆಚ್ಚು ಹಗುರ. ಮಿಶಿಗನ್ನಿನ ಚಳಿಯಲ್ಲೂ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್. ಐಡ್ಲಿಂಗ್ ನೀರಿನ ಹಾಗೆ, ಮೈಲೇಜೂ ಪರವಾಗಿಲ್ಲ. ಆದರೆ ನಿಮ್ಮ ಗಾಡಿಗೆ ಅದು ಬೇರೆ ಮನೆಯ ಮಗು. ಇಂಜಿನ್ ಮೌಂಟಿಗೆ ಅಡಾಪ್ಟರ್ ಬೇಕು. ಮುಂದಿನ ಅಡ್ಡಪಟ್ಟಿಗೆ ತಾಗದ ಹಾಗೆ ಬೇರೆ ಆಯಿಲ್ ಪ್ಯಾನ್ ಬೇಕು. ಕಾರ್ಬುರೇಟರಿಗೆ 5ರಿಂದ 7 ಪಿಎಸ್‌ಐ ಒತ್ತಡದ ಪೆಟ್ರೋಲ್ ಸಾಕಾಗುತ್ತಿತ್ತು, ಇದಕ್ಕೆ 58 ಪಿಎಸ್‌ಐ ಬೇಕು. ಅಂದರೆ ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪು, ಹೊಸ ಪೈಪು. ಕಂಪ್ಯೂಟರು, ವೈರಿಂಗು, ಎಲೆಕ್ಟ್ರಾನಿಕ್ ಆಕ್ಸಲರೇಟರ್ ಪೆಡಲು. ಅದರ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಹಿಂತುದಿ ಹಳೆಯದಕ್ಕಿಂತ 0.4 ಇಂಚು ಗಿಡ್ಡ, ಹಳೆಯ ಗೇರ್ ಬಾಕ್ಸಿಗೆ ಕೂರಿಸಲು ನಡುವೆ ಸ್ಪೇಸರ್ ಬೇಕು. ಯಾವುದೂ ದೊಡ್ಡ ವಿದ್ಯೆ ಅಲ್ಲ, ಎಲ್ಲವೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಒಂದೊಂದಕ್ಕೂ ದುಡ್ಡು. ನಿಮ್ಮ 15,000ದಲ್ಲಿ ಇಷ್ಟು ಮಾಡಿ ಮುಗಿಸುವಾಗ ಬ್ರೇಕಿಗೆ, ಗೇರ್ ಬಾಕ್ಸಿಗೆ ಕಾಸು ಉಳಿಯುವುದಿಲ್ಲ. ದಿನಾ ಆಫೀಸಿಗೆ ಓಡಿಸುವವರು, ಇನ್ನೂ ಹೆಚ್ಚು ದುಡ್ಡಿರುವವರು ಕೇಳಿದ್ದರೆ ಎಲ್‌ಎಸ್3 ಅಂತಲೇ ಹೇಳುತ್ತಿದ್ದೆ.

383 ಅಂದರೆ 350ರ ಬ್ಲಾಕಿನ ಬೋರ್ 30 ಥೌ (ಇಂಚಿನ ಸಾವಿರದಲ್ಲಿ 30 ಭಾಗ) ಹಿಗ್ಗಿಸಿ, ಷೆವರ್ಲೆಯದೇ 400 ಇಂಜಿನ್ನಿನ 3.75 ಇಂಚು ಸ್ಟ್ರೋಕ್ ಕೊಟ್ಟದ್ದು. ಹೊರಗಿನಿಂದ ನೋಡಿದರೆ 350ಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಿಕಪ್ ಮಾತ್ರ ಬೇರೆಯೇ. ಸಾಧು ಕ್ಯಾಮ್ ಹಾಕಿದ 383 ನನಗೆ ತುಂಬ ಇಷ್ಟದ ಇಂಜಿನ್. ತೊಂದರೆ ಏನೆಂದರೆ ಮಾರುವವರು ಅದನ್ನು ಸಾಧುವಾಗಿ ಇರಲು ಬಿಡುವುದಿಲ್ಲ. 450ರ ಅಂಕಿ ತೋರಿಸಲು ದೊಡ್ಡ ಕ್ಯಾಮ್ ತುರುಕುತ್ತಾರೆ. ಇನ್ನೊಂದು ಅಪಾಯ ಬ್ಯಾಲೆನ್ಸಿಂಗಿನದು. ಕೆಲವು 383ಗಳ ಕ್ರ್ಯಾಂಕ್ ತನ್ನಲ್ಲೇ ತೂಗಿರುತ್ತದೆ, ಕೆಲವಕ್ಕೆ ಕ್ರ್ಯಾಂಕಿನ ಎರಡು ತುದಿಯ ತಟ್ಟೆಗಳಾದ ಮುಂದಿನ ಡ್ಯಾಂಪರಿನಲ್ಲೂ ಹಿಂದಿನ ಫ್ಲೆಕ್ಸ್‌ಪ್ಲೇಟಿನಲ್ಲೂ ತೂಕ ಇರಬೇಕು. 1986ರಿಂದ ಬಂದ ಬ್ಲಾಕುಗಳಲ್ಲಿ ಹಿಂದಿನ ಆಯಿಲ್ ಸೀಲೂ ಬೇರೆ, ಫ್ಲೆಕ್ಸ್‌ಪ್ಲೇಟಿನ ಬೋಲ್ಟ್ ವೃತ್ತವೂ ಬೇರೆ. ನಿಮ್ಮ ಹಳೆಯ ಪ್ಲೇಟು ಕೂರುವುದಿಲ್ಲ. ಬೋಲ್ಟು ಕೂತಿತು ಅಂತ ತಪ್ಪು ತೂಕದ್ದನ್ನು ಹಾಕಿದರೆ ಗಾಡಿ ರಾಗಿ ಮಿಲ್ಲಿನ ಹಾಗೆ ನಡುಗುತ್ತದೆ, ಕೊನೆಗೆ ಬೇರಿಂಗ್ ಹೋಗುತ್ತದೆ.

502 ಕ್ಯೂಬಿಕ್ ಇಂಚಿನ ಬಿಗ್ ಬ್ಲಾಕ್ ಬಗ್ಗೆ ನೀವು ಕೇಳಿಲ್ಲ, ಕೇಳಲೂ ಬೇಡಿ. ಮುಂಭಾಗ ಭಾರ, ಪೆಟ್ರೋಲ್ ಬಕಾಸುರ, ನಿಮ್ಮ ಹೌಸಿಂಗ್ ಒಂದು ವಾರ ಬಾಳುವುದಿಲ್ಲ.

ಉಳಿದದ್ದು 350. ಎಲ್ಲರೂ ಮೂಗು ಮುರಿಯುವ ಹಳೆಯ 350. 1967ರ ಕಮಾರೊದಲ್ಲಿ ಮೊದಲು ಬಂದದ್ದು, ಷೆವರ್ಲೆ 1955ರಲ್ಲಿ ಶುರು ಮಾಡಿದ ಅದೇ ಸ್ಮಾಲ್ ಬ್ಲಾಕ್ ವಂಶ. ನಿಮ್ಮ 307ರ ಸ್ವಂತ ಅಣ್ಣ. ಅದೇ ಮೌಂಟು, ಅದೇ ಬೆಲ್ ಹೌಸಿಂಗು, ಅದೇ ಜಾಗದಲ್ಲಿ ರೇಡಿಯೇಟರ್ ಹೋಸು. ರೋಲರ್ ಕ್ಯಾಮ್, ಒಳ್ಳೆಯ ಹೆಡ್ಡು ಇರುವ 350 ಕ್ರೇಟ್ ಇಂಜಿನ್ 350 ಹಾರ್ಸ್‌ಪವರಿನ ಆಸುಪಾಸು ಕೊಡುತ್ತದೆ. ಜನರಲ್ ಮೋಟಾರ್ಸ್‌ನವರದೇ ಹಳೆಯ 350 ಕ್ರೇಟ್ ಇಂಜಿನ್ ಝೆಡ್‌ಝೆಡ್4 ಕೊಡುತ್ತಿದ್ದದ್ದು 355 ಹಾರ್ಸ್‌ಪವರ್, ಟಾರ್ಕ್ 405 ಪೌಂಡ್-ಅಡಿ. ಈಗ ನೀವು ಓಡಿಸುತ್ತಿರುವ, ಸವೆದ 307ರ ಎದುರು ಇದು ಎರಡು ಪಟ್ಟಿಗಿಂತ ಜಾಸ್ತಿ. ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ.

ಕಾರ್ಬುರೇಟರ್ ಆರಿಸುವಾಗ ಯಾರೋ 750 (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವುದು) ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. 350 ಇಂಜಿನ್ 5,500 ಆರ್‌ಪಿಎಂನಲ್ಲಿ ಒಂದಿಷ್ಟೂ ಬಿಡದೆ ಪೂರ್ತಿ ಗಾಳಿ ತುಂಬಿಕೊಂಡರೂ ನಿಮಿಷಕ್ಕೆ ಸುಮಾರು 557 ಘನ ಅಡಿ. 600 ಅಥವಾ 650 ಧಾರಾಳ.

ಇದರಿಂದ ಉಳಿದ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವುದೇ ನಾನು ನಿಜವಾಗಿ ಹೇಳಬೇಕೆಂದಿದ್ದದ್ದು. ಮೊದಲು ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್. 1970ರಲ್ಲೇ ಅದು ಕಂಪನಿಯ ಆಯ್ಕೆಯಲ್ಲಿತ್ತು, ಹಾಗಾಗಿ ಭಾಗಗಳು ಸುಲಭವಾಗಿ ಸಿಗುತ್ತವೆ. ಡ್ರಮ್ ಒಂದು ಸಲ ಚೆನ್ನಾಗಿ ಹಿಡಿಯುತ್ತದೆ. ಬಿಸಿಯಾದ ಮೇಲೆ ಮೂರನೇ ಸಲ ಹಿಡಿಯುವುದಿಲ್ಲ. ಇಂಜಿನ್ ಬರುವ ಮೊದಲೇ ಈ ಕೆಲಸ ಮುಗಿಯಲಿ.

ಆಮೇಲೆ ಗೇರ್ ಬಾಕ್ಸ್. ಎರಡು ಗೇರಿನ ಪವರ್‌ಗ್ಲೈಡ್‌ನಲ್ಲಿ ಯಾವ ಇಂಜಿನ್ ಹಾಕಿದರೂ ಅರ್ಧ ಪಿಕಪ್ ಅಲ್ಲೇ ಸಾಯುತ್ತದೆ. ಅದರ ಮೊದಲ ಗೇರು 1.82. 200-4ಆರ್ ಅನ್ನುವ ನಾಲ್ಕು ಗೇರಿನ ಆಟೊಮ್ಯಾಟಿಕ್‌ನಲ್ಲಿ ಮೊದಲ ಗೇರು 2.74, ಕೊನೆಯದು 0.67ರ ಓವರ್‌ಡ್ರೈವ್. ಉದ್ದವೂ ನಿಮ್ಮದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಹೊರಡುವಾಗ ಎಳೆತ, ಹೈವೇಯಲ್ಲಿ ಸದ್ದಿಲ್ಲ. 26.5 ಇಂಚಿನ ಟೈರು, 3.08ರ ಹೌಸಿಂಗ್ ಇದ್ದರೆ ಗಂಟೆಗೆ 70 ಮೈಲಿಗೆ ಈಗ ಇಂಜಿನ್ ಸುಮಾರು 2,730 ಸುತ್ತುತ್ತದೆ, ಓವರ್‌ಡ್ರೈವ್ ಇದ್ದರೆ 1,830. ಈ 200-4ಆರ್‌ಗೆ ಕಾರ್ಬುರೇಟರಿನಿಂದ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಅನ್ನು ಸರಿಯಾಗಿ ಹೊಂದಿಸದಿದ್ದರೆ ಕ್ಲಚ್ಚುಗಳು ಕೆಲವೇ ಮೈಲಿಗೆ ಸುಟ್ಟುಹೋಗುತ್ತವೆ. ಈ ಒಂದು ಕೆಲಸವನ್ನು ಗೊತ್ತಿದ್ದವರ ಕೈಲೇ ಮಾಡಿಸಿ.

ಮೂರನೆಯದು ರೇಡಿಯೇಟರ್. ವುಡ್‌ವರ್ಡ್ ಕ್ರೂಸ್ ಆಗಸ್ಟ್ ತಿಂಗಳ ಮೂರನೇ ಶನಿವಾರ. ಉರಿಬಿಸಿಲು, ಗಾಡಿಗಳು ಇರುವೆ ಸಾಲಿನ ಹಾಗೆ. ಅಲ್ಲಿ ರಸ್ತೆ ಬದಿಯಲ್ಲಿ ಹೊಗೆಯಾಡುತ್ತಾ ನಿಂತಿರುವುದು ಬಹುಪಾಲು ದೊಡ್ಡ ಇಂಜಿನ್ನಿನ, ಹಳೆಯ ರೇಡಿಯೇಟರಿನ ಗಾಡಿಗಳು. ಫ್ಯಾನಿನ ಸುತ್ತ ಶ್ರೌಡ್ (ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಸುವ ಕವಚ) ಇರಲೇಬೇಕು. ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಬದಲಿಸಿ, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೆಯ ರಬ್ಬರ್ ಮೆತ್ತಗಾಗಿ ಸೀಳುತ್ತದೆ.

ವಾರಂಟಿ ಇದೆ ಅಂತ ಮೈಮರೆಯಬೇಡಿ. ಇಂಜಿನ್ ಬದಲಿಸಿ ಕೊಡುತ್ತಾರೋ, ಬಿಚ್ಚಿ ಕಳಿಸುವ ಕೂಲಿ ಮತ್ತು ಸಾಗಾಟ ಯಾರದು, ಮೊದಲೇ ಬರವಣಿಗೆಯಲ್ಲಿ ಕೇಳಿ. ಡೈನೋ ಕಾಗದ ಕೊಟ್ಟರೆ ಅದು ನಿಮಗೆ ಬರುವ ಇಂಜಿನ್ನಿನದೋ, ಆ ಮಾದರಿಯ ಬೇರೆ ಯಾವುದರದೋ ಅಂತಲೂ ಕೇಳಿ.

ಒಂದು ಕೆಲಸ ಮಾತ್ರ ಬಾಕಿ ಇದೆ, ಆರ್ಡರ್ ಮಾಡುವ ಮೊದಲು. ಬೆಳಿಗ್ಗೆ ಮಾತ್ರ ಬಂದು ನಿಲ್ಲುವ ನೀಲಿ ಹೊಗೆ ಪಿಸ್ಟನ್ ರಿಂಗಿನದಾಗಿರಲಿಕ್ಕಿಲ್ಲ. ವಾಲ್ವ್ ಸೀಲು ಗಟ್ಟಿಯಾಗಿ ಒಡೆದರೆ ರಾತ್ರಿಯಿಡೀ ಆಯಿಲ್ ಒಳಗೆ ಜಿನುಗಿ ಬೆಳಿಗ್ಗೆ ಹೀಗೇ ಸುಡುತ್ತದೆ. ಸೀಲು ಕೆಲವೇ ಡಾಲರಿನದು, ಹೆಡ್ ಬಿಚ್ಚದೆಯೇ ಬದಲಿಸಬಹುದು. ಇಂಜಿನ್ ಬಿಸಿ ಮಾಡಿ, ಎಂಟೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಎಂಟೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಎಲ್ಲವೂ ಒಂದಕ್ಕೊಂದು ಹತ್ತಿರ ಇದ್ದರೆ ಈ ವರ್ಷ ಬ್ರೇಕು, ಗೇರ್ ಬಾಕ್ಸು ಮಾಡಿಸಿ, 307ರಲ್ಲೇ ವುಡ್‌ವರ್ಡ್‌ಗೆ ಹೋಗಿ ಬನ್ನಿ. ಬರುವ ಚಳಿಗಾಲದಲ್ಲಿ 350 ತರಬಹುದು. ಒಂದೆರಡು ಸಿಲಿಂಡರ್ ತೀರಾ ಕೆಳಗಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ, ಏರಿದರೆ ರಿಂಗು ಹೋಗಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಎಂಟೂ ಅಂಕಿಗಳನ್ನು ಸಿಲಿಂಡರ್ ಕ್ರಮದಲ್ಲೇ ಬರೆದು ಕಳಿಸಿ, ನೋಡಿ ಹೇಳುತ್ತೇನೆ.